ಬಾಣಂತಿ ಕೋಣೆಯ ಬಾಗಿಲು

“ಇಲ್ಲಿ, ಇಲ್ಲಿಂದ ಬರ್ಲಿಕತ್ತದ. ಬೀಸ್ರಿ, ಇನ್ನಾ ಜೋರ್ ಬೀಸ್ರಿ,” ಎಂದು ಮುಚ್ಚಿದ ಬಾಗಿಲ ಒಳಗಿನಿಂದ ರಮಾಬಾಯಿ ಕೂಗಿದಳು.

ಹೊರಗೆ ಅವಳ ಗಂಡ ಸಂಘಪಾಲ ಮೊರ ಹಿಡಿದು ಬಾಗಿಲಿಗೆ ಗಾಳಿ ಹಾಕುತ್ತಿದ್ದ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ವಾಡಿಯ ಬಿಸಿಲಿನಲ್ಲಿ ಬೆನ್ನು ಬಗ್ಗಿಸಿದವನು. ಯಾವ ಕೆಲಸ ಹೇಳಿದರೂ ಯಾಕೆ ಎನ್ನದೆ ಮಾಡುವ ಜಾಯಮಾನ. ಆದರೂ ಓಣಿಯಲ್ಲಿ ಹೋಗಿಬರುವವರು ನಿಂತು ನಗುವಾಗ ಅವನಿಗೂ ನಾಚಿಕೆಯಾಯಿತು. “ಸಾಕೇನು?” ಎಂದ. “ಸಾಕಂತ ನಾ ಅಂದೀನೇನು?” ಎಂಬ ಉತ್ತರ ಬಾಗಿಲ ಸಂದಿಯಿಂದಲೇ ಬಂತು. ಅವನು ಮೊರವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

ಒಳಗೆ ರಮಾಬಾಯಿ ಕುಕ್ಕರಗಾಲಲ್ಲಿ ಕೂತು, ಉರಿಯುವ ಊದಿನಕಡ್ಡಿಯನ್ನು ಬಾಗಿಲ ಅಂಚಿನುದ್ದಕ್ಕೂ ಸರಿಸುತ್ತಿದ್ದಳು. ಹೊಗೆ ನೆಟ್ಟಗೆ ಎದ್ದರೆ ಅಲ್ಲಿ ಸಂದಿಯಿಲ್ಲ; ಅಡ್ಡ ಬಾಗಿದರೆ ಇದೆ. ಬಾಗಿದ ಕಡೆಯಲ್ಲೆಲ್ಲ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ನೋಡನೋಡುತ್ತ ಕಲ್ಲಿನ ಚೌಕಟ್ಟಿನ ತುಂಬ ಕಪ್ಪು ಗೆರೆಗಳಾದವು. ಒಂದೊಂದು ಗೆರೆಗೂ ಅವಳ ಸಿಟ್ಟು ಏರುತ್ತ ಹೋಯಿತು. ಅದು ಬಾಗಿಲ ಮೇಲಿನ ಸಿಟ್ಟಲ್ಲ, ಬೀಗತಿ ಪೀರಮ್ಮನ ಮೇಲಿನ ಸಿಟ್ಟು.

ಮಗಳು ಸುಶ್ಮಿತಾ ಚೊಚ್ಚಲ ಬಾಣಂತನಕ್ಕೆ ಬಂದಾಗಲೂ ಇದೇ ಕೋಣೆಯಲ್ಲೇ ಮಲಗಿದ್ದಳು. ಆಗಲೂ ಚಳಿಗಾಲ. ಕೂಸು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಅದರ ಎದೆಯಲ್ಲಿ ಹುಟ್ಟಿನಿಂದಲೇ ದೋಷವಿತ್ತು ಎಂದು ಕಲಬುರಗಿಯ ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಮಣ್ಣು ಮಾಡಿ ಬಂದ ದಿನ ಸುಲೇಪೇಟದ ಪೀರಮ್ಮ ಈ ಬಾಗಿಲ ಮುಂದೆ ಕೂತು, ಕೆಳಗಿನ ಸಂದಿಯಲ್ಲಿ ತನ್ನ ಬೆರಳುಗಳನ್ನು ತೂರಿಸಿ, ನೆರೆದವರಿಗೆಲ್ಲ ತೋರಿಸಿದಳು. “ನೋಡ್ರಿ, ಇಲ್ಲಿಂದ ಹೊಕ್ಕದ ಥಂಡಿ. ನನ್ನ ಮೊಮ್ಮಗಳಿಗೆ ಈ ಬಾಗಲಾನೇ ನುಂಗ್ತು,” ಎಂದಳು. ಸಾವಿನ ಮನೆಯಲ್ಲಿ ಏನು ಮಾತಾಡುವುದು? ರಮಾಬಾಯಿ ಅಂದು ಆಡದೆ ನುಂಗಿದ ಮಾತು ಹೊಟ್ಟೆಯಲ್ಲಿ ಹುಳಿಯಾಗುತ್ತಲೇ ಇತ್ತು. ಅದಕ್ಕಿಂತಲೂ ಕೆಟ್ಟದೆಂದರೆ, ಒಂದೊಂದು ಸಲ ಒಬ್ಬಳೇ ರೊಟ್ಟಿ ಬಡಿಯುವಾಗ, ಪೀರಮ್ಮ ಹೇಳಿದ್ದೇ ಖರೆ ಇದ್ದರೆ ಎಂದು ಅವಳಿಗೆ ಅನ್ನಿಸಿಬಿಡುತ್ತಿತ್ತು. ಹಾಗೆ ಅನ್ನಿಸಿದಾಗಲೆಲ್ಲ ಸಿಟ್ಟು ಇಮ್ಮಡಿಯಾಗುತ್ತಿತ್ತು.

ಎರಡನೆಯ ಬಾಣಂತನ ಗಂಡನ ಮನೆಯಲ್ಲಾಗಬೇಕು. ಎಲ್ಲ ಕಡೆ ನಡೆದುಕೊಂಡು ಬಂದದ್ದೇ ಅದು. ರಮಾಬಾಯಿ ಮಾತ್ರ ಸುಲೇಪೇಟಕ್ಕೆ ಹೋಗಿ, ಬೀಗರ ಪಡಸಾಲೆಯಲ್ಲಿ ಚಹಾ ಕೂಡ ಮುಟ್ಟದೆ ಕೂತು, “ಇದೂ ನನ್ನ ಮನ್ಯಾಗೇ ಆಗಬೇಕು,” ಎಂದು ಹಟ ಹಿಡಿದಳು. ಪೀರಮ್ಮ ಬಹಳ ಹೊತ್ತು ಎಲೆ ಅಡಿಕೆ ಜಗಿದು, “ಮಾಡ್ರಿ. ಈ ಸಲನಾದರ ಬಾಗಲಾ ಮುಚ್ಕೊಂಡು ಮಾಡ್ರಿ,” ಎಂದಳು.

ಮುಚ್ಚುವುದೆಂದರೆ ಏನೆಂದು ತೋರಿಸುತ್ತೇನೆ ಎಂದು ರಮಾಬಾಯಿ ಅಂದೇ ತೀರ್ಮಾನಿಸಿದಳು.

ಇದ್ದಿಲಿನ ಗೆರೆ ಎಳೆದ ಮರುದಿನವೇ ಬಡಗಿ ಮಶಾಕ ಬಂದ. ರಮಾಬಾಯಿಯ ಮನೆಯೆಂದರೆ ಅಂಗಳಕ್ಕೆ ಮುಖ ಮಾಡಿ ಸಾಲಾಗಿ ನಿಂತ ಎರಡು ಕೋಣೆ. ಒಂದು ಅಡುಗೆಗೆ, ಇನ್ನೊಂದು ಬಾಣಂತಿಗೆ. ಎರಡಕ್ಕೂ ಬೇರೆ ಬೇರೆ ಬಾಗಿಲು. ಗೋಡೆ, ಮಾಳಿಗೆ ಎಲ್ಲ ಶಹಾಬಾದ ಕಲ್ಲು. ಅಂಗಳದ ಆಚೆ ತೊಗರಿ ಹೊಲ, ಅದರಾಚೆ ಕಲ್ಲಿನ ಖಣಿ. ಚಳಿಗಾಲದ ಗಾಳಿಗೆ ಅಲ್ಲಿಂದ ಇಲ್ಲಿಯ ತನಕ ಅಡ್ಡ ನಿಲ್ಲುವವರೇ ಇಲ್ಲ. ಬಾಗಿಲ ಹಲಗೆಗಳು ಬಿಸಿಲಿಗೆ ಒಣಗಿ ಮುರುಟಿ, ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ದೂರ ನಿಂತಿದ್ದವು.

ಮಶಾಕ ಹಲಗೆಯ ಸಂದಿಗಳಿಗೆ ಮರದ ಪುಡಿ ಕಲಸಿದ ಲಪ್ಪ ತುಂಬಿದ. ಚೌಕಟ್ಟಿನ ಸುತ್ತ ರಬ್ಬರಿನ ಪಟ್ಟಿ ಬಡಿದ. ಕೆಳಗಡೆ ಹೊಸ ಪಟ್ಟಿ ಜೋಡಿಸಿ, “ಯಕ್ಕಾ, ಇಲ್ಲಿ ಒಂದು ಸ್ವಲ್ಪ ಜಾಗ ಬಿಡ್ತೀನಿ. ಮಳಿಗಾಲದಾಗ ಕಟ್ಟಿಗಿ ಉಬ್ಬತದ, ಬಾಗಲಾ ಹಿಡ್ಕೊಂತದ,” ಎಂದ.

“ಮಳಿಗಾಲದಾಗ ಯಾರು ಹಡಿತಾರ ಇಲ್ಲಿ?” ರಮಾಬಾಯಿ ಗದರಿದಳು. “ನನಗ ಈಗಿನ ಮಾತ ಹೇಳು. ಇರವಿ ಹೋಗಬಾರದು.”

“ಹಿಡ್ಕೊಂಡ್ರ ನನಗ ಅನಬ್ಯಾಡ್ರಿ ಮತ್ತ.”

“ನಿನಗ್ಯಾಕ ಅನ್ಲಿ? ಅನ್ಬೇಕಾದೋರು ಬ್ಯಾರೇನೇ ಅದಾರ.”

ಅಷ್ಟಕ್ಕೇ ಅವಳು ನಿಲ್ಲಲಿಲ್ಲ. ಕಿಟಕಿಯ ಬಾಯಿಗೆ ಹಳೆಯ ಕೌದಿ ಮಡಚಿ ತುರುಕಿ ಮೇಲೆ ರಟ್ಟು ಬಡಿದಳು. ಮಾಳಿಗೆಯ ಬೆಳಕಿಂಡಿ ಉಳಿದಿತ್ತು. ಸಂಘಪಾಲ ಏಣಿ ಹತ್ತಿ ಅದರ ಮೇಲೆ ಕಲ್ಲಿನ ಚಪ್ಪಡಿ ಎಳೆದು, ಸುತ್ತ ಸಿಮೆಂಟು ಬಳಿದ. “ಹಗಲಾಗೂ ಕತ್ತಲಿ ಆಗತದಲ್ಲ,” ಎಂದು ಮೇಲಿನಿಂದ ಗೊಣಗಿದ್ದಕ್ಕೆ, “ಬಲ್ಬು ಹಚ್ಚಿದ್ರಾಯ್ತು. ಥಂಡಿಗಿ ಬಲ್ಬು ಇಲ್ಲ,” ಎಂದಳು. ಕೊನೆಗೆ ಮತ್ತೊಮ್ಮೆ ಊದಿನಕಡ್ಡಿ ಹಚ್ಚಿ ಸುತ್ತಲೂ ಹಿಡಿದು ನೋಡಿದಳು. ಹೊಗೆ ಎಲ್ಲಿಯೂ ಅಲುಗದೆ ನೇರವಾಗಿ ಮಾಳಿಗೆಗೆ ಹತ್ತಿತು. ಬಹಳ ದಿನಗಳ ಮೇಲೆ ರಮಾಬಾಯಿಗೆ ಎದೆ ಹಗುರಾಯಿತು.

ದವಾಖಾನೆಯಲ್ಲಿ ಹೆರಿಗೆಯಾಗಿ ಸುಶ್ಮಿತಾ ಗಂಡುಕೂಸನ್ನು ಎತ್ತಿಕೊಂಡು ಬಂದಳು. ಹೊರಸಿನ ಮೇಲೆ ಬಾಣಂತಿ, ಅವಳ ಪಕ್ಕದಲ್ಲಿ ಕೂಸು, ಹೊರಸಿನ ಕೆಳಗೆ ಕೆಂಡ. ಬಾಣಂತಿಯ ಬೆನ್ನಿಗೆ ಶಾಖ ತಟ್ಟಬೇಕು, ಕೂಸಿಗೆ ಬೆಚ್ಚಗಿರಬೇಕು. ರಮಾಬಾಯಿಯನ್ನು ಅವಳ ತಾಯಿ ಹೀಗೆಯೇ ಕಾಯಿಸಿದ್ದಳು, ಆ ತಾಯಿಯನ್ನು ಅವಳ ತಾಯಿ. ಬೆಂಕಿಯ ವಿಷಯದಲ್ಲಿ ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಸಂಸಾರಕ್ಕೆ ಕೈಜೋಡಿಸಿದ ಹೆಂಗಸು ಅವಳು. ಸೆಗಣಿಯ ಕುಳ್ಳು, ಇದ್ದಿಲುಗಳನ್ನು ಅಂಗಳದಲ್ಲೇ ಉರಿಸಿ, ಹೊಗೆಯೆಲ್ಲ ಹೋಗಿ ಕೆಂಪು ಕೆಂಡವಾದ ಮೇಲೆಯೇ ಬುಟ್ಟಿಯಲ್ಲಿ ಒಳಗೆ ತರುತ್ತಿದ್ದಳು. ಕೂಸಿನ ಕಣ್ಣಿಗೆ ಒಂದು ಎಳೆ ಹೊಗೆ ತಾಕಬಾರದು. ಹೊಗೆಯಿಲ್ಲದ ಬೆಂಕಿಯಿಂದ ಯಾರಿಗೆ ಏನಾದೀತು?

ಆದರೆ ಸುಶ್ಮಿತಾ ದಿನವೂ ತಲೆನೋವೆಂದು ಹಣೆಗೆ ಸೆರಗು ಬಿಗಿದುಕೊಂಡು ಮಲಗತೊಡಗಿದಳು. ಉಂಡದ್ದು ದಕ್ಕುತ್ತಿರಲಿಲ್ಲ. ನೀರೆರೆಯಲು ಅಂಗಳಕ್ಕೆ ಕರೆದುಕೊಂಡು ಹೋದಾಗ ಸ್ವಲ್ಪ ಹುಷಾರಾಗಿ ಕಾಣುವಳು, ಮತ್ತೆ ಒಳಗೆ ಬಂದು ಮಲಗಿದರೆ ಅದೇ ಹಾಡು.

“ಯವ್ವಾ, ಬಾಗಲಾ ಒಂದೀಟ ತೆಗಿ. ಉಸುರು ಕಟ್ಟಿದಂಗ ಆಗ್ಲಿಕತ್ತದ,” ಎಂದಳು ಒಂದು ಮಧ್ಯಾಹ್ನ.

“ಪಿತ್ತ ಅದ ನಿನಗ. ಅಜವಾನ ಕೊಡ್ತೀನಿ.”

“ಪಿತ್ತಲ್ಲ ಇದು. ನನಗ ಗೊತ್ತಾಗಲ್ಲೇನು? ಬಾಗಲಾ ತೆಗಿ ಅಂದ್ರ ಯಾಕ ಇಷ್ಟ್ ಹಟ ಮಾಡ್ತಿ?”

“ಯಾಕಂತ ನೀ ಕೇಳ್ತಿಯೇನು?” ರಮಾಬಾಯಿಯ ಧ್ವನಿ ಏರಿತು. “ನಿಮ್ಮತ್ತಿ ಅಂದದ್ದು ನಿನಗ ಮರತದೇನು? ಊರ್ ಮುಂದ ನನ್ನ ಕೊಲಿಗಡಕಿ ಮಾಡಿ ಹೋಗ್ಯಾಳಕಿ.”

ಸುಶ್ಮಿತಾ ಮೊಣಕೈಯೂರಿ ಎದ್ದಳು. ಅವಳ ಕಣ್ಣು ಕೆಂಪಾಗಿದ್ದವು. “ಆ ಕೂಸು ಥಂಡಿಗಿ ಸತ್ತಿಲ್ಲ. ಅದರ ಎದಿಯಾಗ ತೂತಿತ್ತು. ಡಾಕ್ಟರ್ ಹೇಳಿದಾಗ ಬಾಜೂಕ ನಾ ಇದ್ದೆ, ನೀ ಇದ್ದಿ, ಅತ್ತಿನೂ ಇದ್ಳು. ನಿಮ್ಮಿಬ್ಬರಿಗೆ ಯಾಕ ಅದು ಸಾಲಂಗಿಲ್ಲ?”

ರಮಾಬಾಯಿಗೆ ಹೆತ್ತ ಮಗಳೂ ತನ್ನ ಕಡೆ ಇಲ್ಲವೆಂದು ಮೈಯೆಲ್ಲ ಉರಿದುಹೋಯಿತು. ಬುಟ್ಟಿ ಎತ್ತಿಕೊಂಡು ಹೊರಗೆ ಬಂದು, ಬಾಗಿಲನ್ನು ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಾಕಿದಳು. ರಬ್ಬರು ಕಚ್ಚಿ ಕೂತ ಸಪ್ಪಳ ಕೇಳಿ ಅವಳ ಮನಸ್ಸು ಒಂದಿಷ್ಟು ತಣ್ಣಗಾಯಿತು.

ಪೀರಮ್ಮ ಮೊಮ್ಮಗನನ್ನು ನೋಡಲು ಬರುತ್ತಾಳೆಂದು ಅಳಿಯ ಸುರೇಶಕುಮಾರ ಫೋನು ಮಾಡಿದ. ಅವಳು ಬರುವ ದಿನ ರಮಾಬಾಯಿ ಬೆಳಕು ಹರಿಯುವ ಮೊದಲೇ ಎದ್ದಳು. ಅಂಗಳ ಸಾರಿಸಿದಳು, ಹೊಸ್ತಿಲ ಕಲ್ಲು ತೊಳೆದಳು. ಬೀಗತಿ ಒಳಗೆ ಕಾಲಿಟ್ಟ ಕೂಡಲೇ ಬೆವರಬೇಕು, ಆಡಲು ಒಂದು ಮಾತೂ ಸಿಗಬಾರದು ಎಂಬುದೊಂದೇ ಅವಳ ಲೆಕ್ಕ. ಎರೆದು ಮಲಗಿಸಿದ ಮೇಲೆ ದಿನಕ್ಕಿಂತ ದೊಡ್ಡ ಬುಟ್ಟಿಯಲ್ಲಿ ಕೆಂಡ ತುಂಬಿ ಹೊರಸಿನ ಕೆಳಗೆ ತಳ್ಳಿದಳು. ಸುಶ್ಮಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಿಂದಿನ ದಿನದ ಜಗಳದ ನಂತರ ತಾಯಿ ಮಗಳ ನಡುವೆ ಮಾತಿರಲಿಲ್ಲ. “ನಿಮ್ಮತ್ತಿ ಬರೋತನಕ ಬಾಗಲಾ ತೆಗಿಬ್ಯಾಡ,” ಎಂದಷ್ಟೇ ಹೇಳಿ ರಮಾಬಾಯಿ ಬಾಗಿಲು ಹಾಕಿಕೊಂಡು ಅಡುಗೆ ಕೋಣೆಗೆ ಹೋದಳು. ಆಗ ಮಗಳು ಹೂಂ ಎಂದಳೋ ಇಲ್ಲವೋ ಎಂದು ಆಮೇಲೆ ಎಷ್ಟು ನೆನೆದರೂ ಅವಳಿಗೆ ನೆನಪಾಗಲಿಲ್ಲ.

ಬಸ್ಸು ತಡವಾಯಿತು. ರೊಟ್ಟಿ ಬಡಿದಾಯಿತು, ಪುಂಡಿಪಲ್ಯ ಆಯಿತು, ಹೋಳಿಗೆಯೂ ಆಯಿತು. ಬಿಸಿಲು ಅಂಗಳದ ಮಧ್ಯಕ್ಕೆ ಬಂದ ಮೇಲೆ ಪೀರಮ್ಮ ಬಂದಳು, ಹಿಂದೆ ಚೀಲ ಹೊತ್ತ ಸುರೇಶಕುಮಾರ. ಕಾಲಿಗೆ ನೀರು ಕೊಟ್ಟಾಯಿತು. ಪೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೇರ ಬಾಣಂತಿ ಕೋಣೆಯ ಕಡೆ ಹೆಜ್ಜೆ ಹಾಕಿದಳು. ರಮಾಬಾಯಿ ಅಡ್ಡ ಬಂದು ನಿಂತಳು.

“ನಿಂದರ್ರಿ ಬೀಗ್ತಿ. ಒಳಗ ಹೋಗೋಕಿಂತ ಮೊದಲು ಇಲ್ಲಿ ಕೈ ಹಚ್ಚಿ ನೋಡ್ರಿ.”

“ಏನ್ ನೋಡ್ಲಿ?”

“ಆವತ್ತು ಬೆರಳ ತೂರಿಸಿ ಊರಿಗೆಲ್ಲ ತೋರಿಸಿದ್ರಲ್ಲ. ಈವತ್ತ ತೂರಸ್ರಿ. ಬೆರಳ ಬ್ಯಾಡ, ಒಂದು ಕೂದಲಾ ತೂರಸ್ರಿ.”

ಪೀರಮ್ಮನ ಮುಖ ಬಿಗಿಯಿತು. “ನಾ ಮೊಮ್ಮಗಗ ನೋಡಾಕ ಬಂದೀನಿ, ನಿಮ್ಮ ಬಾಗಲಾ ನೋಡಾಕ ಅಲ್ಲ. ಸರೀರಿ.”

“ನೋಡ್ದೆ ಒಳಗ ಬಿಡಂಗಿಲ್ಲ. ಆವತ್ತ ಅಂದ ಮಾತ ಈವತ್ತ ಹಿಂದಕ್ಕ ತಗೋರಿ.”

“ಸತ್ತ ಕೂಸಿನ ಹೆಸರಲೆ ಯಾಕ ಜಗಳಾ ತೆಗಿತೀರಿ? ನನ್ನ ಮನ್ಯಾಗ ಆಗಿದ್ರ ಆವತ್ತೂ ಏನೂ ಆಗ್ತಿದ್ದಿಲ್ಲ.”

ಆಮೇಲೆ ಯಾರು ಏನು ಅಂದರು ಎಂದು ಬೇರೆ ಬೇರೆ ಮಾಡಿ ಹೇಳುವಂತಿರಲಿಲ್ಲ. ಹೊಟ್ಟೆಯಲ್ಲಿ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಮದುವೆಯಲ್ಲಿ ಬಡಿಸಿದ ಸಾರು ನೀರಾಗಿತ್ತು ಎನ್ನುವುದರಿಂದ ಹಿಡಿದು, ಸೀಮಂತಕ್ಕೆ ತಂದ ಸೀರೆಯ ಬಣ್ಣದ ತನಕ. ಸುರೇಶಕುಮಾರ “ಅವ್ವಾ, ಸುಮ್ನಿರು. ಅತ್ತಿ, ನೀವರ ಸುಮ್ನಿರ್ರಿ,” ಎಂದು ಇಬ್ಬರ ನಡುವೆ ಚೀಲ ಹಿಡಿದು ನಿಂತೇ ಇದ್ದ. ಸಂಘಪಾಲ ಪೇಟೆಯಿಂದ ಎಲೆ ಅಡಿಕೆ ತಂದವನು ಅಂಗಳದ ಅಂಚಿನಲ್ಲೇ ನಿಂತುಬಿಟ್ಟ. ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ರಮಾಬಾಯಿಗೆ ಅದೂ ಬೇಕಾಗಿತ್ತು. ಅಂದು ಕೇಳಿದ ಜನವೇ ಇಂದೂ ಕೇಳಲಿ.

“ನನ್ನ ಬಾಗಲಾ ಈಗ ಹೆಂಗ ಅದ ಅಂದ್ರ,” ಎಂದು ಅವಳು ಬಾಗಿಲ ಹಲಗೆಯನ್ನು ಅಂಗೈಯಿಂದ ಪಟಪಟನೆ ಬಡಿದಳು, “ಒಳಗಿನ ಗಾಳಿ ಹೊರಗ ಬರಂಗಿಲ್ಲ, ಹೊರಗಿನ ಗಾಳಿ ಒಳಗ ಹೋಗಂಗಿಲ್ಲ. ಸುಶ್ಮಿತಾ, ಹೇಳು ನಿಮ್ಮತ್ತಿಗಿ. ಥಂಡಿ ಅದ ಏನು?”

ಒಳಗಿನಿಂದ ಉತ್ತರ ಬರಲಿಲ್ಲ.

“ಸುಶ್ಮಿತಾ.”

ಜಗಳ ನಿಂತಿತು. ಸುರೇಶಕುಮಾರ ಚೀಲ ಕೆಳಗಿಟ್ಟ. ರಮಾಬಾಯಿ ಬಾಗಿಲು ನೂಕಿದಳು. ಅದು ಅಲುಗಲಿಲ್ಲ. ಇನ್ನೊಮ್ಮೆ ಹೆಗಲು ಕೊಟ್ಟು ನೂಕಿದಳು. ರಬ್ಬರು ಕಚ್ಚಿಕೊಂಡಿದೆ ಎಂದುಕೊಂಡಳು. ಆದರೆ ಬಾಗಿಲ ಕೆಳಭಾಗಕ್ಕೆ ಏನೋ ಮೆತ್ತಗಿನದು ಅಡ್ಡ ಇದ್ದಂತೆ ತೋರಿತು. ಪೀರಮ್ಮ ಅವಳ ಪಕ್ಕಕ್ಕೆ ಬಂದು ತಾನೂ ಹೆಗಲು ಕೊಟ್ಟಳು. ಒಂದು ಆಳು ತೂರುವಷ್ಟು ಬಾಗಿಲು ಸರಿಯಿತು. ಸುರೇಶಕುಮಾರ ನುಸುಳಿ ಒಳಗೆ ಹೋದ.

ಸುಶ್ಮಿತಾ ಹೊಸ್ತಿಲಿಗೆ ತಲೆ ಕೊಟ್ಟು ನೆಲದ ಮೇಲೆ ಬಿದ್ದಿದ್ದಳು. ಹೊರಸಿನಿಂದ ಅಲ್ಲಿಯ ತನಕ ತೆವಳಿ ಬಂದಿದ್ದಳು. ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದಳು. ಅದು ಹಸಿ ಬಟ್ಟೆಯಂತೆ ಜೋತುಬಿದ್ದಿತ್ತು. ಬಾಗಿಲ ಕೆಳಗಿನ ರಬ್ಬರು ಪಟ್ಟಿ ಒಂದು ಮೂಲೆಯಲ್ಲಿ ಕಿತ್ತುಬಂದಿತ್ತು. ಸುಶ್ಮಿತಾಳ ಬೆರಳ ತುದಿಯಲ್ಲಿ ರಕ್ತವಿತ್ತು, ಉಗುರಿನೊಳಗೆ ಕಪ್ಪು ಚೂರುಗಳಿದ್ದವು.

ವಾಡಿಯ ದವಾಖಾನೆಗೆ ಟಂಟಂ ಆಟೋದಲ್ಲಿ ಒಯ್ದರು. ದಾರಿಯಲ್ಲಿ ಬೀಸುವ ಗಾಳಿಗೆ ಕೂಸು ಒಮ್ಮೆ ಸಣ್ಣಗೆ ನರಳಿತು. ಆ ಸದ್ದಿಗೆ ಪೀರಮ್ಮ ಅತ್ತಳು. ರಮಾಬಾಯಿಗೆ ಅಳುವೂ ಬರಲಿಲ್ಲ. ಅಲ್ಲಿಂದ ಆಕ್ಸಿಜನ್ ಹಚ್ಚಿ ಅಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ತಾಯಿಯೂ ಮಗುವೂ ಉಳಿದರು. ಇನ್ನೊಂದಿಷ್ಟು ಹೊತ್ತು ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರ್ ಫರಹತ ಮುಚ್ಚುಮರೆಯಿಲ್ಲದೆ ಹೇಳಿದಳು. ಸುಶ್ಮಿತಾಳ ವಯಸ್ಸಿನವಳೇ ಇದ್ದಾಳು. ಕೋಣೆ ಹೇಗಿತ್ತು, ಏನೇನು ಮುಚ್ಚಿದ್ದರು ಎಂದೆಲ್ಲ ಕೇಳಿ ತಿಳಿದುಕೊಂಡ ಮೇಲೆ ಅವಳ ಮುಖವೂ ಸಿಟ್ಟಿನಿಂದ ಕೆಂಪಾಯಿತು.

“ಕೆಂಡ ಹೊಗಿ ಬಿಡಲಿಲ್ಲಂದ್ರ ವಿಷ ಬಿಡಂಗಿಲ್ಲ ಅನಕೊಂಡೀರೇನು? ಅದಕ್ಕ ವಾಸನಿ ಇಲ್ಲ, ಕಣ್ಣಿಗೆ ಕಾಣಂಗಿಲ್ಲ. ಮುಚ್ಚಿದ ಕ್ವಾಣ್ಯಾಗ ಇಟ್ರ ಮಲಗಿದವ್ರನ್ನ ಮಲಗಿಸೇ ಬಿಡತದ. ಹೋದ ಸಲ ಕೆಂಡದಿಂದ ಏನೂ ಆಗಿಲ್ಲಂದ್ರ ಬಾಗಲಾ ಹರಕ ಇತ್ತು ಅಂತ ಆಗಿಲ್ಲ. ಒಂದು ಬೆರಳ ಸಂದಿ ಬಿಟ್ಟಿದ್ರೂ ಇವ್ರು ಇಲ್ಲಿಗೆ ಬರ್ತಿದ್ದಿಲ್ಲ.”

ಪೀರಮ್ಮ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ರಮಾಬಾಯಿ ದವಾಖಾನೆಯ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಳು. ತನ್ನ ಮೇಲೆ ತನಗೇ ಹುಟ್ಟಿದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಮಗಳು ಬಾಗಿಲು ತೆಗಿ ಎಂದಾಗ ತೆಗೆಯದ ಕೈ ಇದು. ಬೇಕಾದರೆ ಈ ಕೈಯನ್ನು ಕಡಿದು ಹಾಕಬಹುದಿತ್ತು. ಆದರೆ ಅಷ್ಟು ದಿನದ ಚಾಳಿ ಸುಲಭಕ್ಕೆ ಬಿಡುತ್ತದೆಯೇ? ಪೀರಮ್ಮ ಬಂದು ಪಕ್ಕ ಕೂತದ್ದೇ ತಡ, “ನೀವು ಆವತ್ತ ಹಂಗ ಅನ್ನದಿದ್ರ ನಾ ಯಾಕ ಹಿಂಗ ಮಾಡ್ತಿದ್ದೆ?” ಎಂದುಬಿಟ್ಟಳು.

“ನಾ ಬಾಗಲಾ ಮುಚ್ರಿ ಅಂದೆ. ಗೋರಿ ಕಟ್ರಿ ಅಂದಿದ್ನೇನು?” ಎಂದಳು ಪೀರಮ್ಮ.

ಮತ್ತೆ ಶುರುವಾಯಿತು. ನರ್ಸು ಬಂದು ಇಬ್ಬರನ್ನೂ ಗದರಿ, ಬಾಣಂತಿ ಕರೆಯುತ್ತಿದ್ದಾಳೆ ಎಂದು ಒಳಗೆ ಕಳಿಸಿದಳು.

ಸುಶ್ಮಿತಾ ದಿಂಬಿಗೊರಗಿ ಕೂತಿದ್ದಳು. ಬೆರಳುಗಳಿಗೆ ಬಟ್ಟೆ ಸುತ್ತಿದ್ದರು. ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಅವಳ ಧ್ವನಿ ಏರಲಿಲ್ಲ. ಏರಿದ್ದರೆ ರಮಾಬಾಯಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

“ನಿಮ್ಮ ಜಗಳಾ ನನಗ ಕೇಳಿಸ್ತಿತ್ತು,” ಎಂದಳು. “ಸಾರು, ಸೀರಿ, ಎಲ್ಲಾ ಕೇಳಿಸ್ತಿತ್ತು. ಬಾಗಲಾ ಬಡಿದೆ. ಕರದೆ. ಮೊದಲ ಅವ್ವಗ ಕರದೆ, ಆಮ್ಯಾಲ ಅತ್ತಿಗಿ ಕರದೆ. ಇಬ್ರೂ ಬಾಗಲಾ ಮುಟ್ಟೇ ನಿಂತಿದ್ರಿ.”

ರಮಾಬಾಯಿ ಮಗಳ ಕಾಲು ಮುಟ್ಟಲು ಹೋದಳು. ಸುಶ್ಮಿತಾ ಕಾಲನ್ನು ಮಡಚಿಕೊಂಡಳು.

ದವಾಖಾನೆಯಿಂದ ಬಿಡುವ ದಿನ ಯಾರ ಮನೆಗೆ ಎಂಬ ಮಾತು ಬಂತು. “ನಾ ಹೇಳಿದ್ಹಂಗ ಇಡಬೇಕು. ಎಲ್ಲಿಟ್ರೂ ನಡಿತದ,” ಎಂದು ಸುಶ್ಮಿತಾ ಗಂಡನಿಗೆ ಹೇಳಿದಳು. ಡಾಕ್ಟರಿಗೆ ಮತ್ತೆ ತೋರಿಸಬೇಕಿತ್ತು, ವಾಡಿಯಿಂದಾದರೆ ರೈಲಿದೆ. ಆದ್ದರಿಂದ ವಾಡಿಗೇ ಬಂದರು. ಪೀರಮ್ಮನೂ ಬಂದಳು, ಬರಬೇಡ ಎನ್ನುವ ಧೈರ್ಯ ರಮಾಬಾಯಿಗಿರಲಿಲ್ಲ, ಬರಲೇ ಎಂದು ಕೇಳುವ ಧೈರ್ಯ ಪೀರಮ್ಮನಿಗೂ ಇರಲಿಲ್ಲ. ಸಂಘಪಾಲ ಅಷ್ಟರಲ್ಲಿ ಬೆಳಕಿಂಡಿಯ ಚಪ್ಪಡಿ ಒಡೆದು ತೆಗೆದಿದ್ದ, ಕಿಟಕಿಯ ಕೌದಿ ಎಳೆದು ಹಾಕಿದ್ದ. ಬಾಗಿಲನ್ನೇ ಕಿತ್ತುಹಾಕಲೇ ಎಂದು ಮಗಳನ್ನು ಕೇಳಿದ. ಅವಳು ಬೇಡವೆಂದಳು. ಸುರೇಶಕುಮಾರನಿಂದ ಹೊರಸನ್ನು ಎಳೆಸಿ, ಹೊಸ್ತಿಲ ಮೇಲೆ ಹಾಯುವಂತೆ, ಅರ್ಧ ಕೋಣೆಯಲ್ಲಿ ಅರ್ಧ ಅಂಗಳದಲ್ಲಿ ಇರುವಂತೆ ಹಾಕಿಸಿದಳು. ಯಾರು ಬಂದರೂ ಬಾಗಿಲು ಮುಚ್ಚುವ ಹಾಗಿಲ್ಲ. ಅಂಗಳದ ಕಡೆಗೆ ತಲೆ ಮಾಡಿ ಅದರ ಮೇಲೆ ಮಲಗಿದಳು. ಕೂಸಿಗೆ ಕುಂಚಿಗೆ ಕಟ್ಟಿ ಎದೆಯ ಮೇಲೆ ಮಲಗಿಸಿಕೊಂಡಳು.

ತೊಗರಿ ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ರಮಾಬಾಯಿ ಮತ್ತು ಪೀರಮ್ಮ ಅಂಗಳದ ಕಟ್ಟೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಸೆರಗು ಹೊದ್ದುಕೊಂಡು ಕೂತಿದ್ದರು. ಹೊರಸಿನ ಮೇಲೆ ಕುಂಚಿಗೆಯ ದಾರ ಗಾಳಿಗೆ ಅಲುಗುವುದನ್ನೇ ಇಬ್ಬರೂ ನೋಡುತ್ತಿದ್ದರು.

ಕೂಸು ಸೀನಿತು.

ಇಬ್ಬರೂ ಒಮ್ಮೆಲೇ ಎದ್ದು ನಿಂತರು. ಸುಶ್ಮಿತಾ ಕಣ್ಣು ತೆರೆದು ಅವರನ್ನು ನೋಡಿದಳು. ಮೊದಲು ಪೀರಮ್ಮ ಕೂತಳು, ಆಮೇಲೆ ರಮಾಬಾಯಿ.